ಡೀಲಿಯಾಳ ಕೊನೆಯ ವಿಳಾಸ

ಡೀಲಿಯಾ ಕಿಲ್ಬೇನ್ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಆಸ್ಪತ್ರೆಯಲ್ಲಿ ಸತ್ತಳು. ಅದಕ್ಕೆ ಎರಡು ದಿನ ಮುಂಚೆ ಮಗಳು ಜೆಸಿಂತಾಳ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದಳು. "ನನ್ನನ್ನ ಮನೆಯಿಂದ ಕಳಿಸು ಕಣೇ. ಹೆಣ ಹೂಳೋ ಆ ಮಲಾಕಿಯ ಅಂಗಡಿ ಹಿಂದಿನ ಹಾಲ್‌ನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ಮಲಗಿಸಬೇಡ." ಜೆಸಿಂತಾ ಹೂಂ ಅಂದಿದ್ದಳು. ಸಾಯುವವರ ಮುಂದೆ ಯಾರು ತಾನೇ ಉಹೂಂ ಅಂದಾರು? ಆದರೆ ಕಳಿಸಲು ಮನೆ ಎಲ್ಲಿತ್ತು?

ಬಾಲಿನಾಕ್ಲೂನ್ ಊರಲ್ಲಿ ಮನೆಯಿಂದ ಹೊರಡದ ಹೆಣ ಅಂದರೆ ದಿಕ್ಕಿಲ್ಲದ ಹೆಣ. ಮಣ್ಣು ಮಾಡುವ ಹಿಂದಿನ ದಿನ ಮನೆಯ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆ ತೆರೆದಿರಬೇಕು. ಊರಿಗೆ ಊರೇ ಸಾಲುಗಟ್ಟಿ ಬಂದು ಮನೆಯವರ ಕೈ ಕುಲುಕಬೇಕು. ಅಡುಗೆಮನೆಯಲ್ಲಿ ಚಹಾ ಮುಗಿಯಬಾರದು, ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಬರಿದಾಗಬಾರದು. ಹತ್ತು ವರ್ಷದಿಂದ ಮಾತು ಬಿಟ್ಟವನೂ ಅವತ್ತು ಟೋಪಿ ತೆಗೆದು ಒಳಗೆ ಬರುತ್ತಾನೆ. ಬದುಕಿದ್ದವರನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುವ ಊರು ಅದು, ಸತ್ತವರ ಮನೆಗೆ ಹೋಗುವುದನ್ನು ಮಾತ್ರ ಎಂದೂ ತಪ್ಪಿಸುವುದಿಲ್ಲ.

ಡೀಲಿಯಾ, ಜೆಸಿಂತಾ, ಜೆಸಿಂತಾಳ ಹದಿಮೂರು ವರ್ಷದ ಮಗಳು ಸೋರ್ಚಾ, ಈ ಮೂವರೂ ಹದಿನಾಲ್ಕು ತಿಂಗಳಿಂದ ಹಳೆಯ ಕಾನ್ವೆಂಟಿನ ಒಂದೇ ಕೋಣೆಯಲ್ಲಿ ಇದ್ದರು. ಸನ್ಯಾಸಿನಿಯರೆಲ್ಲ ತೀರಿಕೊಂಡು ಖಾಲಿ ಬಿದ್ದಿದ್ದ ಕಟ್ಟಡಕ್ಕೆ ಸುಣ್ಣ ಬಳಿದು, ನೆಲೆ ತಪ್ಪಿದ ಸಂಸಾರಗಳಿಗೆ ತಾತ್ಕಾಲಿಕ ವಸತಿ ಅಂತ ಮಾಡಿ, 'ಹೊಸ ಹೊಸ್ತಿಲು' ಎಂದು ಹೆಸರಿಟ್ಟಿದ್ದರು. ಹೊಸ್ತಿಲಿಗೇನೂ ಕೊರತೆ ಇರಲಿಲ್ಲ. ಒಳಗೆ ಹೋಗುವಾಗ ಸಹಿ, ಹೊರಗೆ ಬರುವಾಗ ಸಹಿ, ಒಲೆ ಹಚ್ಚಬೇಕಾದರೆ ಸರದಿ, ಮಗುವನ್ನು ಕಾರಿಡಾರಿನಲ್ಲಿ ಒಂಟಿಯಾಗಿ ಬಿಟ್ಟರೆ ಎಚ್ಚರಿಕೆ ಪತ್ರ. ಹೊರಗಿನವರು ಯಾರೂ ಒಳಗೆ ಕಾಲಿಡುವಂತಿಲ್ಲ. ಸೋರ್ಚಾಳ ಹುಟ್ಟುಹಬ್ಬವನ್ನು ಬಸ್ ಸ್ಟಾಪಿನ ಬೆಂಚಿನ ಮೇಲೆ ಮಾಡಿದ್ದರು.

ಬೆಂಬಲಕ್ಕಂತೂ ಬರವೇ ಇರಲಿಲ್ಲ. ವಾರಕ್ಕೊಂದು ತರಗತಿ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಹನ್ನೆರಡು ವರ್ಷದಿಂದ ದಿನಾ ಅರವತ್ತು ಜನಕ್ಕೆ ಬೇಯಿಸಿ ಹಾಕುವ ಜೆಸಿಂತಾಳಿಗೆ, ನಗರದಿಂದ ಬಂದ ಒಬ್ಬ ಹುಡುಗಿ ಮಸೂರ್ ಬೇಳೆಯ ಸೂಪು ಮಾಡುವುದನ್ನು ಕಲಿಸಿಕೊಟ್ಟಳು. ಮದುವೆಯಾಗದ ಇನ್ನೊಬ್ಬಳು ಮಕ್ಕಳನ್ನು ಬೆಳೆಸುವುದು ಹೇಗೆಂದು ಹೇಳಿದಳು. ಮೂರನೆಯವನು ಕಣ್ಣು ಮುಚ್ಚಿ ಉಸಿರಾಡಲು ಹೇಳಿ, ನಿಮಗೆ ಇಷ್ಟವಾದ ಜಾಗವನ್ನು ಮನಸ್ಸಿಗೆ ತಂದುಕೊಳ್ಳಿ ಅಂದ. ಎಪ್ಪತ್ತೆಂಟರ ಡೀಲಿಯಾ ಕಣ್ಣು ಮುಚ್ಚಿಕೊಂಡೇ, "ಫೋರ್ಜ್ ಲೇನ್, ಒಂಬತ್ತನೇ ನಂಬರು. ಬಾಗಿಲಿಗೆ ಬೀಗ ಇದೆಯಪ್ಪಾ, ಮುಂದೇನು ಮಾಡ್ಲಿ?" ಎಂದು ಕೇಳಿದ್ದಳು.

ಆ ಒಂಬತ್ತನೇ ನಂಬರಿನಲ್ಲಿ ಅವಳು ಮೂವತ್ತಾರು ವರ್ಷ ಬಾಡಿಗೆಗಿದ್ದಳು. ಮನೆಯ ಒಡೆಯ ಫಿಂಟನ್ ಹೆರಾಟಿ. ಊರಿನ ದೊಡ್ಡ ಹಾರ್ಡ್‌ವೇರ್ ಅಂಗಡಿ ಅವನದು. ಮಗ ಹೆಂಡತಿ ಮಕ್ಕಳ ಜೊತೆ ಆಸ್ಟ್ರೇಲಿಯಾದಿಂದ ವಾಪಸು ಬರುತ್ತಿದ್ದಾನೆ, ಅವನಿಗೆ ಮನೆ ಬೇಕು ಎಂದು ಕಾಗದ ಕಳಿಸಿ ಇವರನ್ನು ಬಿಡಿಸಿದ್ದ. ಕಾನೂನಿನಲ್ಲಿ ಅದಕ್ಕೆ ದಾರಿ ಇತ್ತು. ಮಗ ಬರಲಿಲ್ಲ. ಬಾಡಿಗೆಗೆ ಬೇರೆ ಮನೆ ಊರಲ್ಲಿ ಒಂದೂ ಸಿಗಲಿಲ್ಲ. ಅದಾಗಿ ಎರಡೇ ತಿಂಗಳಿಗೆ ಫಿಂಟನ್ 'ಹೊಸ ಹೊಸ್ತಿಲಿ'ನ ಬೆಂಬಲ ಸಮಿತಿಗೆ ಅಧ್ಯಕ್ಷನಾದ. ಚರ್ಚಿನ ಪತ್ರಿಕೆಯಲ್ಲಿ ಹಲ್ಲು ಕಿರಿದ ಫೋಟೋ ಬಂತು. ಮನೆ ಬಿಡಿಸಿದವನೇ ಮನೆ ಇಲ್ಲದವರ ಅಧ್ಯಕ್ಷ, ಇದರಲ್ಲಿ ಊರಿಗೆ ವಿಚಿತ್ರವೇನೂ ಕಾಣಲಿಲ್ಲ. ಆ ವಿಷಯವನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇನ್ಯಾರಿದ್ದರು?

ಆಸ್ಪತ್ರೆಯಿಂದ ನೇರ ಬಂದ ಜೆಸಿಂತಾ ಮ್ಯಾನೇಜರ್ ಅಟ್ರಾಕ್ಟಾಳ ಕೋಣೆಯ ಬಾಗಿಲು ತಟ್ಟಿದಳು. ಅಟ್ರಾಕ್ಟಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಎದ್ದು ಬಂದು ತಬ್ಬಿಕೊಂಡಳು, ಟಿಶ್ಯೂ ಡಬ್ಬಿ ಮುಂದಕ್ಕೆ ತಳ್ಳಿದಳು.

"ಕೆಳಗಿನ ದೊಡ್ಡ ಕೋಣೆ ಒಂದು ದಿನಕ್ಕೆ ಬೇಕಿತ್ತು," ಅಂದಳು ಜೆಸಿಂತಾ. "ಅಮ್ಮನ್ನ ಇಡೋಕೆ. ನಾಳೆ ಮಧ್ಯಾಹ್ನದಿಂದ ನಾಡಿದ್ದು ಬೆಳಿಗ್ಗೆ ತನಕ, ಅಷ್ಟೇ."

ಅಟ್ರಾಕ್ಟಾಳ ಮುಖದಲ್ಲಿ ಮರುಕ ಹಾಗೇ ಇತ್ತು, ಕೈ ಮಾತ್ರ ಫೈಲಿನ ಕಡೆ ಹೋಯಿತು. "ಜೆಸಿಂತಾ ಅವರೇ, ನನ್ನ ಕೈಲಿದ್ದಿದ್ರೆ ಈಗಲೇ ಹೂಂ ಅಂತಿದ್ದೆ. ಆದ್ರೆ ಜನ ಬರ್ತಾರಲ್ಲ. ಹೊರಗಿನವರ ನಿಯಮ ನಿಮಗೆ ಗೊತ್ತೇ ಇದೆ."

"ಜನ ಬೇಡ ಬಿಡಿ. ನಾವಿಬ್ಬರೇ ಕೂತ್ಕೋತೀವಿ. ಅಮ್ಮ ಇಲ್ಲೇ ಇದ್ದವಳು ತಾನೇ?"

"ಅದೇ ತೊಂದರೆ. ಬೆಳಿಗ್ಗೆ ಏಳು ಗಂಟೆಯಿಂದ ಅವರು ನಮ್ಮ ನಿವಾಸಿ ಅಲ್ಲ. ವಿಮೆ ಲೆಕ್ಕದಲ್ಲಿ ಈಗ ಅವರೂ..." ಅಟ್ರಾಕ್ಟಾ ಫೈಲಿನ ಹಾಳೆ ತಿರುವಿದಳು. "ಅವರೂ ಹೊರಗಿನವರೇ ಆಗ್ತಾರೆ."

ಜೆಸಿಂತಾ ಟಿಶ್ಯೂ ಡಬ್ಬಿಯನ್ನು ವಾಪಸು ಅವಳ ಕಡೆಗೇ ತಳ್ಳಿದಳು. ಹದಿನಾಲ್ಕು ತಿಂಗಳು ಈ ಮೇಜಿನ ಮುಂದೆ ತಲೆ ತಗ್ಗಿಸಿ ಥ್ಯಾಂಕ್ಸ್ ಹೇಳಿದ್ದು ನೆನಪಾಗಿ ಮೈಯೆಲ್ಲ ಉರಿಯಿತು. "ಸಹಿ ಮಾಡದೇ ಹೋಗ್ಬಿಟ್ಟಳಲ್ವಾ," ಅಂದಳು. "ಕ್ಷಮಿಸಿ. ಅವಸರದಲ್ಲಿದ್ದಳು."

ಅಟ್ರಾಕ್ಟಾ ದುಃಖವನ್ನು ಎದುರಿಸುವುದು ಹೇಗೆ ಎಂಬ ಕರಪತ್ರ ಕೊಟ್ಟು ಕಳಿಸಿದಳು.

ಮಲಾಕಿಯ ಹಾಲೇ ಗತಿ ಎಂದುಕೊಂಡು ಅವಳು ಅಡುಗೆಮನೆಗೆ ಬಂದಳು. ಮಧ್ಯಾಹ್ನದ ಹೊತ್ತು, ಯಾರೋ ರೇಡಿಯೋ ಹಾಕಿದ್ದರು. ದಿನಾ ಆ ಹೊತ್ತಿಗೆ ಸ್ಥಳೀಯ ರೇಡಿಯೋದಲ್ಲಿ ಸತ್ತವರ ಹೆಸರು ಓದುತ್ತಾರೆ. ಮಳೆ ಬೀಳುತ್ತದೋ ಇಲ್ಲವೋ ಎಂದು ಕೇಳದವರೂ ಅದನ್ನು ಕೇಳುತ್ತಾರೆ. ಹೆಂಗಸಿನ ತಣ್ಣನೆಯ ದನಿ ಓದಿತು: "ಡೀಲಿಯಾ ಕಿಲ್ಬೇನ್, ಒಂಬತ್ತು, ಫೋರ್ಜ್ ಲೇನ್, ಬಾಲಿನಾಕ್ಲೂನ್. ಬುಧವಾರ ಮಧ್ಯಾಹ್ನ ಮೂರರಿಂದ ಎಂಟರವರೆಗೆ ಸ್ವಗೃಹದಲ್ಲಿ ಅಂತಿಮ ದರ್ಶನ."

ಅಲ್ಲೇ ಕೂತಿದ್ದ ಸೋರ್ಚಾ ಬಾಯಿ ತೆರೆದು ಅಮ್ಮನನ್ನು ನೋಡಿದಳು. "ಸ್ವಗೃಹ? ಯಾವ ಸ್ವಗೃಹ?"

ಜೆಸಿಂತಾ ಓಡಿದಳು. ಶವಸಂಸ್ಕಾರದ ಕೆಲಸ ಮಾಡುವ ಮಲಾಕಿ ಅಂಗಡಿಯ ಬಾಗಿಲಲ್ಲೇ ಸಿಕ್ಕಿದ. ರೇಡಿಯೋ ಕೇಳಿ ಅವನೂ ಬೆಪ್ಪಾಗಿ ನಿಂತಿದ್ದ. ಮಲಾಕಿಯ ಅಪ್ಪ, ಅಜ್ಜ, ಮಲಾಕಿ, ಮೂರು ತಲೆಮಾರಿನಿಂದ ಫೋರ್ಜ್ ಲೇನಿನವರನ್ನೆಲ್ಲ ಹೂಳಿದವರು. ಸತ್ತವರ ವಿಳಾಸವನ್ನು ಯಾವ ಕಾಗದ ನೋಡಿಯೂ ಬರೆದವರಲ್ಲ. ಆ ಊರಲ್ಲಿ ಒಬ್ಬರು ಎಲ್ಲಿಯವರು ಎನ್ನುವುದನ್ನು ಕಾಗದ ನೋಡಿ ಬರೆಯುವ ಪದ್ಧತಿಯೇ ಇರಲಿಲ್ಲ. ಬೆಳಿಗ್ಗೆ ಜೆಸಿಂತಾ ಆಸ್ಪತ್ರೆಯಿಂದ ಫೋನ್ ಮಾಡಿ ಡೀಲಿಯಾ ಅಂದಕೂಡಲೇ ಅವನ ಕೈ ತಾನಾಗಿ ಒಂಬತ್ತು, ಫೋರ್ಜ್ ಲೇನ್ ಎಂದು ಬರೆದು ಕಳಿಸಿತ್ತು.

"ಅಯ್ಯೋ ದೇವರೇ, ನನ್ನ ತಲೆಗೆ ಏನು ಬಡಿದಿತ್ತೋ," ಅಂದ ಮಲಾಕಿ. "ಸಾಯಂಕಾಲ ಇನ್ನೊಂದ್ಸಲ ಓದ್ತಾರೆ. ನನ್ನ ಹಾಲ್‌ನಲ್ಲಿ ಅಂತ ತಿದ್ದಿಸ್ತೀನಿ. ಈಗಲೇ ಫೋನ್ ಮಾಡ್ತೀನಿ."

ಅಷ್ಟರಲ್ಲಿ ಜೆಸಿಂತಾಳ ಫೋನ್ ಹೊಡೆದುಕೊಂಡಿತು. ಎಂಟನೇ ನಂಬರಿನ ನೋನಿ ಗಾಹನ್, ಎಂಬತ್ತೊಂದು ವರ್ಷ, ಡೀಲಿಯಾಳ ಜೀವದ ಗೆಳತಿ. "ಮಗಳೇ, ಮನೆ ಸಿಕ್ಕಿತಂತಲ್ಲ! ರೇಡಿಯೋದಲ್ಲಿ ಕೇಳಿ ಜೀವ ತಣ್ಣಗಾಯ್ತು. ಫಿಂಟನ್‌ಗೂ ಮನುಷ್ಯತ್ವ ಇದೆ ನೋಡು. ಎರಡು ಕೇಕು ಓವನ್‌ನಲ್ಲಿದೆ. ಓಣಿಯವರದೆಲ್ಲ ಕುರ್ಚಿ ಕೇಳಿದ್ದೀನಿ. ಇನ್ನೇನು ಬೇಕು ಹೇಳು."

ಜೆಸಿಂತಾ ಫೋನ್ ಇಟ್ಟಳು. ರೇಡಿಯೋ ಒಮ್ಮೆ ಹೇಳಿತೆಂದರೆ ಆ ಊರಿಗೆ ಅದು ಕೋರ್ಟಿನ ಆಜ್ಞೆಗಿಂತ ದೊಡ್ಡದು. ನಾಳೆ ಮೂರು ಗಂಟೆಗೆ ಇಡೀ ಊರು ಆ ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುತ್ತದೆ.

"ತಿದ್ದಿಸಬೇಡ ಮಲಾಕಿ," ಅಂದಳು.

"ಏನಂದೆ?"

"ಎರಡೂವರೆಗೆ ಅಮ್ಮನ್ನ ಅಲ್ಲಿಗೇ ತಗೊಂಡು ಬಾ. ಬಾಗಿಲ ಮುಂದೆ ನಿಲ್ಸು. ಫಿಂಟನ್ ಎಲ್ಲರ ಎದುರಿಗೆ ತೆಗೀಲಿ, ಇಲ್ಲಾ ಎಲ್ಲರ ಎದುರಿಗೆ ತೆಗೆಯಲ್ಲ ಅನ್ಲಿ."

ಮಲಾಕಿ ಬೆವರು ಒರೆಸಿಕೊಂಡ. ಅವನ ಗಾಡಿಯ ಡೀಸೆಲ್ ಬಿಟ್ಟು ಮಿಕ್ಕಿದ್ದೆಲ್ಲ, ಶವಪೆಟ್ಟಿಗೆಯ ಹಿಡಿಕೆ, ಮೊಳೆ, ತಿರುಪು, ಎಲ್ಲವೂ ಫಿಂಟನ್‌ನ ಅಂಗಡಿಯದೇ. ಆದರೂ ತಪ್ಪು ತನ್ನದಾಗಿದ್ದರಿಂದ ತಲೆಯಾಡಿಸಿದ.

ಸೋರ್ಚಾಗೆ ಮಾತ್ರ ಭಯವಾಯಿತು. "ಅವನು ತೆಗೀದೇ ಹೋದ್ರೆ ಅಜ್ಜಿ ಬೀದೀಲಿ ಇರ್ತಾಳಲ್ಲಮ್ಮಾ."

"ಇರ್ತಾಳೆ," ಅಂದಳು ಜೆಸಿಂತಾ. "ಹದಿನಾಲ್ಕು ತಿಂಗಳು ಯಾರಿಗೂ ಕಾಣದ ಹಾಗೆ ಬೀದೀಲಿದ್ವಿ. ಇದೊಂದು ಸಲ ಎಲ್ಲರಿಗೂ ಕಾಣೋ ಹಾಗೆ ಇರೋಣ." ಹೇಳಿದಳು ನಿಜ, ಆದರೆ ಅವಳು ಜೂಜಿಗೆ ಇಟ್ಟಿದ್ದು ತಾಯಿಗೆ ಕೊಟ್ಟ ಮಾತನ್ನು.

ಬುಧವಾರ ಸಣ್ಣಗೆ ಮಳೆ ಹನಿಯುತ್ತಿತ್ತು. ಎರಡೂವರೆಗೆ ಮಲಾಕಿಯ ಕಪ್ಪು ಗಾಡಿ ಫೋರ್ಜ್ ಲೇನಿಗೆ ತಿರುಗಿದಾಗ ಓಣಿ ಆಗಲೇ ತುಂಬಿತ್ತು. ಕುರ್ಚಿ ಹೊತ್ತವರು, ತಟ್ಟೆ ಮುಚ್ಚಿಕೊಂಡವರು, ಚಹಾದ ದೊಡ್ಡ ಪಾತ್ರೆ ಹಿಡಿದವರು. ಬಾಗಿಲಿಗೆ ಬೀಗ ಇರುವುದನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾ ನಿಂತಿದ್ದರು. ನಾಲ್ವರು ಪೆಟ್ಟಿಗೆಯನ್ನು ಹೆಗಲ ಮೇಲೆ ಎತ್ತಿ ಮೆಟ್ಟಿಲ ಮುಂದೆ ನಿಂತರು. ಜೆಸಿಂತಾ ಅದರ ಪಕ್ಕದಲ್ಲಿ ನಿಂತಳು.

ಫಿಂಟನ್ ಬಂದ. ಯಾರೂ ಕರೆಯಬೇಕಾಗಿರಲಿಲ್ಲ, ಅವನು ಒಂದು ಸಾವನ್ನೂ ತಪ್ಪಿಸಿದವನಲ್ಲ. ಉದ್ದನೆಯ ಕಪ್ಪು ಕೋಟು, ಸಾವಿನ ಮನೆಗೆಂದೇ ಇಟ್ಟುಕೊಂಡ ಮುಖ. ಎರಡೂ ಕೈಗಳಿಂದ ಜೆಸಿಂತಾಳ ಕೈ ಹಿಡಿದು, "ತುಂಬಾ ಬೇಜಾರಾಯ್ತಮ್ಮಾ. ನಿಮ್ಮಮ್ಮ ಚಿನ್ನದಂಥ ಹೆಂಗಸು," ಅಂದ. ಅನಂತರ ದನಿ ತಗ್ಗಿಸಿ, "ಇದೇನು ಇಲ್ಲಿ? ಎಲ್ಲೋ ತಪ್ಪಾಗಿದೆ. ಮಲಾಕಿಯ ಹಾಲ್‌ಗೆ ಹೋಗೋಣ, ನಾನೇ ಎಲ್ಲರಿಗೂ ಹೇಳ್ತೀನಿ," ಅಂದ.

"ಅಮ್ಮ ಮನೆಗೆ ಬಂದಿದ್ದಾಳೆ ಫಿಂಟನ್. ಬಾಗಿಲು ತೆಗೀರಿ," ಅಂದಳು ಜೆಸಿಂತಾ, ಓಣಿಗೆಲ್ಲ ಕೇಳುವ ಹಾಗೆ.

"ತೆಗೀಬಾರದು ಅಂತಲ್ಲಮ್ಮಾ. ಒಳಗೆ ಮಗನ ಸಾಮಾನಿದೆ. ವಿದ್ಯುತ್ತು ಇದೆಯೋ ಇಲ್ಲವೋ. ವಿಮೆಯೂ ಇಲ್ಲ, ಯಾರಾದರೂ ಎಡವಿ ಬಿದ್ರೆ..."

ಯಾರೂ ಅಲುಗಾಡಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಮಳೆ ಅವರ ಬೋಳುತಲೆಗಳ ಮೇಲೆ ಬೀಳುತ್ತಿತ್ತು. ಪೆಟ್ಟಿಗೆ ಹೊತ್ತವರಲ್ಲಿ ಒಬ್ಬ ಹೆಗಲು ಬದಲಿಸಿದ. ಆಗ ನೋನಿ ಕೋಲೂರಿಕೊಂಡು ಮುಂದೆ ಬಂದಳು.

"ಲೋ ಫಿಂಟನ್, ನಿಮ್ಮಮ್ಮ ಸತ್ತಾಗ ಅವಳಿಗೆ ಮೈ ತೊಳೆದು, ಬಟ್ಟೆ ತೊಡಿಸಿ, ತಲೆ ಬಾಚಿದ್ದು ಯಾರೋ?"

ಫಿಂಟನ್ ನೆಲ ನೋಡಿದ. "ಡೀಲಿಯಾ."

"ಆಗ ವಿಮೆ ಮಾಡಿಸಿದ್ದೆಯೇನೋ?"

ಅವನ ಕಿವಿ ಕೆಂಪಾಯಿತು. ಕೀಲಿ ಕೋಟಿನ ಜೇಬಿನಲ್ಲೇ ಇತ್ತು. "ನಾನು ತೆಗೀತಾನೇ ಇದ್ದೆ, ನೀವು ಬಾಯಿ ಹಾಕೋಕೆ ಮುಂಚೆ," ಎಂದು ಗೊಣಗುತ್ತಾ ಬೀಗಕ್ಕೆ ಕೀಲಿ ಹಾಕಿದ. ಜೆಸಿಂತಾ ಸೋರ್ಚಾಳ ಭುಜ ಹಿಡಿದುಕೊಂಡಳು.

ಬಾಗಿಲು ಅರ್ಧ ತೆರೆದು ಅಲ್ಲಿಗೇ ನಿಂತಿತು. ಒಳಗಿನಿಂದ ಏನೋ ಅಡ್ಡವಾಗಿತ್ತು. ಇಬ್ಬರು ಹುಡುಗಿಯರು ಹೆಗಲು ಕೊಟ್ಟು ತಳ್ಳಿದಾಗ ರಟ್ಟಿನ ಡಬ್ಬಿಗಳ ಒಂದು ಗೋಡೆಯೇ ಕುಸಿದು ಒಳಗೆಲ್ಲ ಹರಡಿತು. ಮುಂದಿನ ಕೋಣೆಯಲ್ಲಿ ಸೂರಿನವರೆಗೂ ಡಬ್ಬಿಗಳು. ಪ್ಲಾಸ್ಟಿಕ್ ಕವರು ಬಿಚ್ಚದ ಹಾಸಿಗೆಗಳು, ಕಂಬಳಿಗಳು, ಎಣ್ಣೆ ಹೀಟರುಗಳು, ಕೆಟಲುಗಳು, ಕಪ್ಪುಗಳು, ಚಹಾಪುಡಿ, ಬಿಸ್ಕತ್ತು, ಮಕ್ಕಳ ಬೂಟು. ಪ್ರತಿ ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ನೆಲೆ ಇಲ್ಲದ ಕುಟುಂಬಗಳಿಗೆ. ಹೊಸ ಹೊಸ್ತಿಲು.'

ಹಿಂದಿನ ಚಳಿಗಾಲದಿಂದ ಭಾನುವಾರ ಭಾನುವಾರವೂ ಚರ್ಚಿನಲ್ಲಿ ಫಿಂಟನ್ ನಿಂತು ಬೇಡಿದ ದಾನ ಅದು. ಓಣಿಯವರು ಅವನ ವ್ಯಾನು ಬಂದು ಹೋಗುವುದನ್ನು ನೋಡಿ ಮಗನ ಸಂಸಾರದ ಸಾಮಾನು ಬರುತ್ತಿದೆ ಎಂದುಕೊಂಡಿದ್ದರು. ಕಾನ್ವೆಂಟಿನ ಮೇಲಂತಸ್ತಿನಲ್ಲಿ ಮಕ್ಕಳು ಕೋಟು ಹಾಕಿಕೊಂಡು ಮಲಗಿದ್ದಾಗ, ಕಂಬಳಿ ಕೇಳಿದವರಿಗೆಲ್ಲ ಅಟ್ರಾಕ್ಟಾ "ಪಟ್ಟಿ ಆಗ್ತಾ ಇದೆ, ಹಂಚ್ತೀವಿ" ಅನ್ನುತ್ತಿದ್ದಳು. ನೆಲೆ ಇಲ್ಲದವರ ಸಾಮಾನು ಬೆಚ್ಚಗೆ ಮನೆಯಲ್ಲಿತ್ತು. ಅದಕ್ಕೆ ಜಾಗವಾಗಲೆಂದು ಮನುಷ್ಯರನ್ನು ಹೊರಗೆ ಹಾಕಿದಂತಿತ್ತು.

"ಇದು ನನ್ನ ಕಂಬಳಿ," ಅಂದಳು ಒಬ್ಬ ಹೆಂಗಸು, ಡಬ್ಬಿಯಿಂದ ಎಳೆದು. "ನವೆಂಬರಲ್ಲಿ ಕೊಟ್ಟಿದ್ದು. ಮಡಿಕೆ ಕೂಡ ಬಿಚ್ಚಿಲ್ಲವಲ್ಲ!"

"ಶೇಖರಣೆಗೆ ಜಾಗ ನಾನು ಉಚಿತವಾಗಿ ಕೊಟ್ಟಿದ್ದು," ಅಂದ ಫಿಂಟನ್. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅರ್ಧ ಗಂಟೆಯಲ್ಲಿ ಕೋಣೆ ಖಾಲಿಯಾಯಿತು. ಹಾಸಿಗೆಗಳನ್ನು ಮಳೆಗೆ ನೆನೆಯದಂತೆ ಹಿಂದಿನ ಕೋಣೆಗೆ ಸಾಗಿಸಿ, ಡಬ್ಬಿಗಳನ್ನು ಹೊರಗೆ ತಂದು ಫಿಂಟನ್‌ನ ಕಾರಿನ ಸುತ್ತ ಅದು ಅಲುಗಾಡದ ಹಾಗೆ ಪೇರಿಸಿದರು. ಡೀಲಿಯಾಳನ್ನು ಕಿಟಕಿಯ ಪಕ್ಕ, ಅವಳ ಕುರ್ಚಿ ಇರುತ್ತಿದ್ದ ಕಡೆ ಇಟ್ಟರು. ಕೆಟಲು ಬೇಕಾದಾಗ ಡಬ್ಬಿ ಒಡೆದರು, ಕಪ್ಪು ಬೇಕಾದಾಗ ಡಬ್ಬಿ ಒಡೆದರು, ಹೀಟರು ಹಚ್ಚಿದರು. ದಾನ ಕೊಟ್ಟ ಒಂದು ವರ್ಷದ ಮೇಲೆ ಆ ಸಾಮಾನು ಮೊದಲ ಸಲ ನೆಲೆ ಇಲ್ಲದ ಒಂದು ಕುಟುಂಬದ ಕೈಗೆ ಬಂತು, ಅದೂ ಸಮಿತಿಯ ಒಪ್ಪಿಗೆ ಇಲ್ಲದೆ.

ಐದು ಗಂಟೆಗೆ ಅಟ್ರಾಕ್ಟಾ ಬಂದಳು. ಪೆಟ್ಟಿಗೆಯ ಮುಂದೆ ಶಿಲುಬೆಯ ಗುರುತು ಮಾಡಿ, ಕಣ್ಣೊರೆಸಿಕೊಂಡು, ಚಹಾ ಕುಡಿದು, ಎರಡು ಸ್ಯಾಂಡ್‌ವಿಚ್ಚು ತಿಂದಳು. ಹೊರಡುವಾಗ ಚೀಲದಿಂದ ಒಂದು ಹಾಳೆ ತೆಗೆದಳು. "ಇದು ಸಮಯ ಅಲ್ಲ ಅಂತ ಗೊತ್ತು. ಇವತ್ತು ರಾತ್ರಿ ನೀವು ಬರಲ್ಲ ಅಲ್ವಾ? ಅನುಮತಿ ಇಲ್ಲದೆ ಹೊರಗಿದ್ರೆ ಕೋಣೆ ವಿಷಯ ಕಷ್ಟ ಆಗುತ್ತೆ. ಇಲ್ಲೊಂದು ಸಹಿ..."

"ಅಜ್ಜಿಗೂ ಒಂದು ಫಾರಂ ತಂದಿದ್ದೀರಾ?" ಕೇಳಿದಳು ಸೋರ್ಚಾ. "ಅವಳೂ ಅನುಮತಿ ಇಲ್ಲದೆ ಹೊರಗಿದ್ದಾಳೆ."

ಸಾಲಿನಲ್ಲಿ ನಿಂತವರು ನಕ್ಕರು. ಅಟ್ರಾಕ್ಟಾ ಹಾಳೆಯನ್ನು ಚೀಲಕ್ಕೆ ತುರುಕಿ ಹೊರಟಳು. ಎಂಟು ಗಂಟೆಯವರೆಗೂ ಸಾಲು ಮುಗಿಯಲಿಲ್ಲ.

ಗುರುವಾರ ಬೆಳಿಗ್ಗೆ ಡೀಲಿಯಾ ತನ್ನ ಬಾಗಿಲಿನಿಂದಲೇ ಹೊರಟಳು. ಓಣಿಯವರು ಹೆಗಲು ಬದಲಿಸುತ್ತಾ ಚರ್ಚಿನವರೆಗೆ ನಡೆದರು. ಜೆಸಿಂತಾ ಎರಡು ದಿನದಲ್ಲಿ ಮೊದಲ ಸಲ ಅತ್ತಳು. ಕೊಟ್ಟ ಮಾತು ನಡೆದಿತ್ತು.

ಮಣ್ಣು ಮಾಡಿ ಬಂದವರು ಮತ್ತೆ ಒಂಬತ್ತನೇ ನಂಬರಿಗೇ ಬಂದು ಚಹಾ ಕುಡಿದರು. ಡೀಲಿಯಾಳ ಕಥೆ ಹೇಳಿ ನಕ್ಕರು. ಮಧ್ಯಾಹ್ನ ಕಳೆಯುತ್ತಿದ್ದಂತೆ ಫಿಂಟನ್ ಬಾಗಿಲಲ್ಲಿ ಕಾಣಿಸಿಕೊಂಡ. ಕೀಲಿ ನಿನ್ನೆಯಿಂದ ಬಾಗಿಲಲ್ಲೇ ಇತ್ತು, ಬೆಳಿಗ್ಗೆ ಜೆಸಿಂತಾ ತೆಗೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಿದ್ದಳು.

"ಎಲ್ಲ ಚೆನ್ನಾಗಿ ಆಯ್ತು," ಅಂದ ಅವನು, ಮೆತ್ತಗೆ. "ಅವಸರ ಏನಿಲ್ಲ. ಐದು ಗಂಟೆ ಹೊತ್ತಿಗೆ ಕೀಲಿ ಕೊಟ್ಟರೆ ಸಾಕು."

ಜೆಸಿಂತಾ ತಲೆ ಎತ್ತಿ ಎಲ್ಲರನ್ನೂ ನೋಡಿದಳು. ನಿನ್ನೆ ಮಳೆಯಲ್ಲಿ ಟೋಪಿ ತೆಗೆದು ನಿಂತವರೇ ಇವರು. ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ ಎಂದು ಕಾದಳು. ಬಾಯಿ ಬಿಡದಿದ್ದರೂ ಪರವಾಗಿಲ್ಲ, ನಿನ್ನೆಯ ಹಾಗೆ ಅಲುಗಾಡದೆ ನಿಂತರೂ ಸಾಕಿತ್ತು.

ಒಬ್ಬ ಗಡಿಯಾರ ನೋಡಿದ. ಹಸು ಕರೆಯುವ ಹೊತ್ತಾಯಿತು ಅಂದ. ಇನ್ನೊಬ್ಬಳು ತನ್ನ ತಟ್ಟೆ ಹುಡುಕಿಕೊಂಡಳು. ಕುರ್ಚಿಗಳು ಒಂದೊಂದಾಗಿ ಬಾಗಿಲು ದಾಟಿದವು. ಮಲಾಕಿ ಅವಳ ಕಣ್ಣು ತಪ್ಪಿಸಿ ಟೋಪಿ ಹಾಕಿಕೊಂಡ. ನೋನಿ ಮಾತ್ರ ಹತ್ತಿರ ಬಂದು ಕೆನ್ನೆ ಸವರಿ, "ದೇವರು ಒಂದು ದಾರಿ ತೋರಿಸ್ತಾನೆ ಮಗಳೇ, ನೀನು ಗಟ್ಟಿಗಿತ್ತಿ," ಎಂದು ಕೋಲೂರಿಕೊಂಡು ಪಕ್ಕದ ತನ್ನ ಮನೆಯ ಬೆಂಕಿಯ ಮುಂದೆ ಕೂರಲು ಹೋದಳು. ಸತ್ತವಳಿಗೆ ಇಡೀ ಊರಿತ್ತು. ಉಳಿದವಳಿಗೆ ತೊಳೆಯದ ಕಪ್ಪುಗಳು ಇದ್ದವು.

ಫಿಂಟನ್ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದ. ಸಾಕ್ಷಿಗಳು ಹೋದ ಮೇಲೆ ಅವನ ದನಿಯೂ ಬದಲಾಗಿತ್ತು. "ಕೊಡು ಜೆಸಿಂತಾ. ನಿನ್ನೆ ನಿಮ್ಮಮ್ಮನಿಗೆ ಅಂತ ಮರ್ಯಾದೆಯಿಂದ ಬಾಗಿಲು ತೆಗೆದವನು ನಾನು. ಅದನ್ನ ಮರೀಬೇಡ."

"ಮರೆತಿಲ್ಲ," ಅಂದಳು ಜೆಸಿಂತಾ. "ಅವಳು ಸತ್ತಿದ್ದಕ್ಕೆ ತೆಗೆದ್ರಿ. ನನಗೆ ಅಷ್ಟು ದಿನ ಕಾಯೋಕಾಗಲ್ಲ."

ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿ, ಹಾಸಿಗೆಯ ಪ್ಲಾಸ್ಟಿಕ್ ಕವರು ಹರಿಯಲು ಮಗಳನ್ನು ಕರೆದಳು.